ಹೆಡ್ ಬದಿಗೆ ಹೋದರೆ ಗ್ಯಾಂಟ್ರಿ ಓರೆಯಾಗುತ್ತಿದೆ, ಅಡಾಪ್ಟಿವ್ ಕಂಟ್ರೋಲ್ ಹಾಕಬೇಕಾ?

ಪ್ರಶ್ನೆ: ಬೀಮ್‌ನ ಎರಡೂ ತುದಿಗೆ ಒಂದೊಂದು ಸರ್ವೋ ಮೋಟರ್ ಇರುವ ಗ್ಯಾಂಟ್ರಿ (ಅಡ್ಡ ಬೀಮ್ ಹಿಂದೆ ಮುಂದೆ ಓಡುತ್ತದೆ, ಅದರ ಮೇಲೆ ಕೆಲಸ ಮಾಡುವ ಹೆಡ್ ಅತ್ತಿತ್ತ ಸರಿಯುತ್ತದೆ). ಹೆಡ್ ನಡುವೆ ಇದ್ದಾಗ ಚೆನ್ನಾಗಿ ಓಡುತ್ತದೆ. ಬದಿಗೆ ಹೋದಾಗ ಜೋರಾಗಿ ಹೊರಟರೆ ಬೀಮ್ ಓರೆಯಾಗುತ್ತದೆ. ಸುಮ್ನೆ ನಿಂತಿದ್ದರೂ ಮೋಟರ್‌ಗಳು ಬಿಸಿ. ಓಡುತ್ತಲೇ ಭಾರ, ಘರ್ಷಣೆ ಅಂದಾಜಿಸಿ ತಾನೇ ಹೊಂದಿಕೊಳ್ಳುವ ಅಡಾಪ್ಟಿವ್ ಕಂಟ್ರೋಲ್ ಹಾಕಿದರೆ ಸರಿಹೋಗುತ್ತಾ? ಮಾಡಿ ನೋಡಿದವರು ಹೇಳಿ.

ಉತ್ತರ 1: ಮೊದಲು ಬಿಸಿಯ ವಿಷಯ. ಯಂತ್ರ ನಿಂತಿರುವಾಗ ಎರಡೂ ಡ್ರೈವ್‌ಗಳ ಕರೆಂಟ್ ನೋಡಿ. ನಮ್ಮದರಲ್ಲಿ ಒಂದು ಕಡೆ +1.8 ಆಂಪಿಯರ್, ಇನ್ನೊಂದು ಕಡೆ −1.7 ಇತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಅದೇ. ಎರಡು ಬದಿಯ ಸ್ಥಾನ ಅಳೆಯುವ ಸ್ಕೇಲ್‌ಗಳ (ಎನ್‌ಕೋಡರ್‌ಗಳ) ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಎರಡೂ ಮೋಟರ್‌ಗಳ ಕಂಟ್ರೋಲ್ ಲೂಪ್‌ಗಳಲ್ಲಿ ಇಂಟಿಗ್ರೇಟರ್ (ಎರರ್ ಉಳಿದಷ್ಟು ಹೊತ್ತೂ ಬಲ ಏರಿಸುತ್ತಾ ಹೋಗುವ ಭಾಗ) ಇದ್ದರೆ, ತಮ್ಮ ತಮ್ಮ ಎರರ್, ಅಂದರೆ ಬೇಕಾದ ಸ್ಥಾನಕ್ಕೂ ಇರುವ ಸ್ಥಾನಕ್ಕೂ ನಡುವಿನ ಅಂತರ, ಸೊನ್ನೆಯಾಗುವ ತನಕ ಎರಡೂ ಬೀಮನ್ನೇ ಹಿಡಿದು ಜಗ್ಗುತ್ತವೆ. ನಾವು ಮಾಡಿದ್ದು ಇಷ್ಟು: ಸರ್ವೋ ಆಫ್ ಮಾಡಿ ಬೀಮ್ ತಾನಾಗಿ ಸಡಿಲವಾಗಲು ಬಿಟ್ಟೆವು. ಮೂಲೆಯಿಂದ ಮೂಲೆಗೆ ಅಳೆದು ಚೌಕ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡೆವು. ಆಗ ಎರಡು ಎನ್‌ಕೋಡರ್‌ಗಳ ನಡುವೆ ಎಷ್ಟು ಅಂತರ ಇತ್ತೋ ಅದನ್ನೇ ಹೋಮಿಂಗ್ ಆಫ್‌ಸೆಟ್‌ಗೆ (ಶುರುವಿನ ಸೊನ್ನೆ ಸ್ಥಾನದ ತಿದ್ದುಪಡಿಗೆ) ಹಾಕಿದೆವು. ಇಂಟಿಗ್ರೇಟರ್ ಅನ್ನು ಎರಡು ಬದಿಗಳ ಸರಾಸರಿ ಸ್ಥಾನಕ್ಕೆ ಮಾತ್ರ ಇಟ್ಟೆವು, ವ್ಯತ್ಯಾಸಕ್ಕೆ ಇಡಲಿಲ್ಲ. ಮೋಟರ್ ತಣ್ಣಗಾಯಿತು.

ಉತ್ತರ 2: ಹೆಡ್ ಎಲ್ಲಿದೆ ಅಂತ ಅದನ್ನು ಸರಿಸುವ ಎಕ್ಸ್ ಆಕ್ಸಿಸ್‌ಗೆ ಗೊತ್ತೇ ಇದೆ. ಗೊತ್ತಿರುವುದನ್ನು ಮತ್ತೆ ಕಲಿಸುವ ಕಷ್ಟ ಯಾಕೆ? ಲೆಕ್ಕ ಹಾಕಿ ನೋಡಿ. ಎರಡು ಮೋಟರ್‌ಗಳ ನಡುವೆ 1 ಮೀಟರ್, ಬೀಮ್ 8 ಕೆಜಿ, ಹೆಡ್ 12 ಕೆಜಿ ಅಂತಿಟ್ಟುಕೊಳ್ಳಿ. ಹೆಡ್ ನಡುವಿನಿಂದ 300 ಮಿಮೀ ಬಲಕ್ಕೆ ಹೋದರೆ ಅದರ ಭಾರದಲ್ಲಿ 80% ಬಲಗಡೆ ಮೋಟರ್ ಪಾಲು. ಬೀಮ್‌ನ ಅರ್ಧ ಸೇರಿಸಿದರೆ ಬಲಕ್ಕೆ 13.6 ಕೆಜಿ, ಎಡಕ್ಕೆ 6.4. ಸೆಕೆಂಡ್ ವರ್ಗಕ್ಕೆ 5 ಮೀಟರ್ ವೇಗೋತ್ಕರ್ಷ ಬೇಕಾದರೆ ಬಲಕ್ಕೆ 68 ನ್ಯೂಟನ್, ಎಡಕ್ಕೆ 32. ನೀವು ಎರಡಕ್ಕೂ 50 ಕೊಡುತ್ತಿದ್ದೀರಿ. ಓರೆಯಾಗದೆ ಇನ್ನೇನಾಗುತ್ತದೆ! ಎಕ್ಸ್ ಸ್ಥಾನ ನೋಡಿ ಫೀಡ್‌ಫಾರ್ವರ್ಡ್ (ಎರರ್ ಬರುವ ಮೊದಲೇ ಲೆಕ್ಕ ಹಾಕಿ ಕೊಡುವ ಬಲ) ಹಂಚಿ. ನನ್ನ ಯಂತ್ರದಲ್ಲಿ ಓರೆಯ ಬಹುಪಾಲು ಇಲ್ಲೇ ಹೋಯಿತು. ಮಾಸ್ಟರ್–ಸ್ಲೇವ್ ಇಟ್ಟಿದ್ದರೆ ಅದನ್ನೂ ತೆಗೆಯಿರಿ. ಮಾಸ್ಟರ್ ಹೊರಟ ಮೇಲೆ ಹೊರಡುವ ಸ್ಲೇವ್ ಯಾವಾಗಲೂ ತಡ. ಎರಡಕ್ಕೂ ಒಂದೇ ಕಮಾಂಡ್ ಕೊಟ್ಟು, ವ್ಯತ್ಯಾಸವನ್ನು ಎರಡಕ್ಕೂ ವಾಪಸ್ ಕೊಡುವ ಕ್ರಾಸ್ ಕಪ್ಲಿಂಗ್ ವಾಸಿ.

ಉತ್ತರ 3: ಮೇಲಿನದ್ದಕ್ಕೆ ಸಹಮತ. ಹೆಡ್ ಎತ್ತುವ ಭಾರ ಬದಲಾಗುತ್ತಿದ್ದರೆ, ಘರ್ಷಣೆ ದಿನಕ್ಕೊಂದು ಥರ ಇದ್ದರೆ ಅಡಾಪ್ಟಿವ್‌ಗೆ ನಿಜವಾದ ಕೆಲಸ. ಆದರೆ ನಾನು ತಿಂದ ಪೆಟ್ಟು ಕೇಳಿ. ರಾತ್ರಿಯಿಡೀ ಯಂತ್ರ ಸರ್ವೋ ಆನ್‌ನಲ್ಲೇ ನಿಂತಿತ್ತು. ಎನ್‌ಕೋಡರ್‌ನ ಚಿಕ್ಕ ನಡುಕವನ್ನೇ ಎರರ್ ಅಂದುಕೊಂಡು ಘರ್ಷಣೆಯ ಅಂದಾಜು ಏರುತ್ತಾ ಹೋಗಿತ್ತು. ಬೆಳಿಗ್ಗೆ ಮೊದಲ ಚಲನೆಗೇ ಬೀಮ್ ಧಡ್ ಅಂತ ಹಾರಿತು, ಎದೆ ಝಲ್ಲೆಂದಿತು. ಆಮೇಲೆ ಯಂತ್ರ ಓಡುವಾಗ ಮಾತ್ರ ಕಲಿಯುವಂತೆ ಮಾಡಿದೆ. ಸಣ್ಣ ಎರರ್ ಲೆಕ್ಕಕ್ಕೇ ಬಾರದಂತೆ ಡೆಡ್‌ಬ್ಯಾಂಡ್, ಅಂದಾಜಿಗೆ ಮೇಲೆ ಕೆಳಗೆ ಮಿತಿ. ಒಂದೇ ವೇಗದಲ್ಲಿ ಓಡಿಸುತ್ತಿದ್ದರೆ ಭಾರ ಗೊತ್ತಾಗುವುದೇ ಇಲ್ಲ, ವೇಗ ಬದಲಾಗಬೇಕು.

ಇನ್ನೊಂದು. ನಾಚ್ ಫಿಲ್ಟರನ್ನು (ಓಲಾಟದ ಫ್ರೀಕ್ವೆನ್ಸಿಯನ್ನು ಮಾತ್ರ ತಡೆಯುವ ಫಿಲ್ಟರ್) ಹೆಡ್ ನಡುವೆ ಇಟ್ಟು ಟ್ಯೂನ್ ಮಾಡಿ ಬಿಡಬೇಡಿ. ಹೆಡ್ ತುದಿಗೆ ಹೋದಷ್ಟೂ ಬೀಮ್ ತಿರುಗುವ ಜಡತ್ವ ಜಾಸ್ತಿ, ಓಲಾಟದ ಫ್ರೀಕ್ವೆನ್ಸಿ ಕೆಳಗಿಳಿಯುತ್ತದೆ. ಎರಡು ತುದಿಗಳಲ್ಲೂ ನೋಡಿ.

ಪ್ರಶ್ನೆ ಕೇಳಿದವರು: ಕರೆಂಟ್ ನೋಡಿದೆ. +2.1, −2.0! ಆಫ್‌ಸೆಟ್ ಕೆಲಸ ಇವತ್ತೇ ಶುರು. ಫೀಡ್‌ಫಾರ್ವರ್ಡ್ ಹಂಚಲು ಒಂದು ತೊಡಕಿದೆ, ನಮ್ಮಲ್ಲಿ ಎಕ್ಸ್ ಬೇರೆ ಕಂಟ್ರೋಲರ್‌ನಲ್ಲಿದೆ. ಅದರ ಸ್ಥಾನವನ್ನು ತಡವಾಗದಂತೆ ಇತ್ತ ತಂದವರು ಯಾರಾದರೂ ಇದ್ದೀರಾ?