ಆ ಮಾತ್ರೆ ಅರೆದು ಹಚ್ಚಬೇಡಿ, ಅತ್ತಿಗೆ

ಅತ್ತಿಗೆ, ಡ್ಯೂಟಿ ಮುಗಿಸಿ ದಾದರ್‌ನಲ್ಲಿ ಟ್ರೇನಿಗೆ ಕಾಯ್ತಾ ಇದ್ದೀನಿ, ಗಲಾಟೆ ಕೇಳಿಸ್ತಿರಬಹುದು, ಆದ್ರೂ ಈಗಲೇ ಹೇಳಿಬಿಡ್ತೀನಿ. ದೊಡ್ಡಮ್ಮನ ಸರ್ಪಸುತ್ತು ಒಣಗಿ ಮೂರು ತಿಂಗಳಾದ್ರೂ ಪಕ್ಕೆ ಉರಿ ಹೋಗಿಲ್ಲ, ಡಾಕ್ಟರು ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಮಾತ್ರೆ ಬರೆದಿದಾರೆ. ಅದು ಡಿಪ್ರೆಶನ್ ಮಾತ್ರೆಯಂತೆ, ನುಂಗೋ ಬದಲು ಕೊಬ್ಬರಿ ಎಣ್ಣೇಲಿ ಅರೆದು ಹಚ್ಚಿದ್ರೆ ಚರ್ಮ ಮರಗಟ್ಟುತ್ತಂತೆ, ಹಚ್ಚಲಾ ಅಂತ ಕೇಳಿದ್ರಲ್ಲ. ದಯವಿಟ್ಟು ಬೇಡ.

ನೀವು ಓದಿದ್ದು ಸುಳ್ಳಲ್ಲ. ನರದಲ್ಲಿ ಸೋಡಿಯಂ ಒಳಗೆ ಬರೋಕೆ ಸಣ್ಣ ಸಣ್ಣ ಬಾಗಿಲುಗಳಿವೆ, ಅವು ತೆರೆದ್ರೇನೇ ನೋವಿನ ಸುದ್ದಿ ಮುಂದೆ ಹೋಗೋದು. ಹಲ್ಲು ಕೀಳುವಾಗ ಚುಚ್ಚೋ ಲಿಗ್ನೋಕೇನ್ ಆ ಬಾಗಿಲು ಮುಚ್ಚುತ್ತೆ, ಅಮಿಟ್ರಿಪ್ಟಿಲಿನ್ನೂ ಮುಚ್ಚುತ್ತೆ. ಅದಕ್ಕೇ ಬಾಸ್ಟನ್‌ನ ಅರಿವಳಿಕೆ ತಜ್ಞರು ಮೊದಲು ಇಲಿಗಳಲ್ಲಿ, 2003ರ ಹೊತ್ತಿಗೆ ಆರೋಗ್ಯವಂತರ ಚರ್ಮಕ್ಕೂ ಹಚ್ಚಿ, ಸೂಜಿ ಮೊನೆ ತಾಗಿಸಿ ನೋಡಿದ್ರು. ನೋವು ಕಮ್ಮಿ ಆಗಿದ್ದು ನಿಜ. ಆದ್ರೆ ಅದು ಅಳೆದು ಮಾಡಿದ ದ್ರಾವಣ. ಗಾಢವಾದಾಗ ಇಲಿಗಳ ನರಕ್ಕೇ ಪೆಟ್ಟಾಗಿದ್ದನ್ನೂ ಕಂಡಿದಾರೆ. ನರದ ನೋವಿರೋ 92 ಜನರನ್ನ ಗುಂಪು ಮಾಡಿ, ಒಂದು ಗುಂಪಿಗೆ ಇದರದೇ 2% ಕ್ರೀಮು ಮೂರು ವಾರ ಹಚ್ಚಿ ನೋಡಿದ ಪರೀಕ್ಷೆ 2005ರಲ್ಲಿ ಬಂತು, ಔಷಧಿನೇ ಇಲ್ಲದ ಕ್ರೀಮಿಗಿಂತ ಹೆಚ್ಚೇನೂ ಆಗ್ಲಿಲ್ಲ.

ಚೌತಿಗೆ ಬಂದಾಗ ನಾನೇ ನೋಡಿದೆ, ಸೆರಗು ತಾಗಿದ್ರೂ ದೊಡ್ಡಮ್ಮ ಉಸಿರು ಹಿಡೀತಿದ್ರು, ರವಿಕೆ ಒಳಗೆ ಹಳೇ ಪಂಚೆ ತುಂಡು ಮಡಚಿ ಇಟ್ಕೊಂಡಿದ್ರು. ನನಗೆ ಕರುಳು ಚುರುಕ್ ಅಂತು. ಆ ಉರಿ ಚರ್ಮದ್ದಲ್ಲ ಅತ್ತಿಗೆ, ನರದ್ದು. ಅದಕ್ಕೇ ಈ ಮಾತ್ರೆ. ಡಿಪ್ರೆಶನ್ನಿಗೆ ಇದರ ಎಷ್ಟೋ ಪಟ್ಟು ಕೊಡ್ತಾರೆ. ದೊಡ್ಡಮ್ಮನ ಮನಸ್ಸಿಗೆ ಏನೋ ಆಗಿದೆ ಅಂತ ಯಾರೂ ಅಂದ್ಕೋಬೇಡಿ, ಅವರ ಕಿವಿಗೂ ಹಾಕಬೇಡಿ.

ಬಾಯಿ ಒಣಗುತ್ತೆ, ಮಂಪರು ಬರುತ್ತೆ. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದುಬಿಟ್ಟಾರು, ಪ್ಯಾಸೇಜಿನ ದೀಪ ಹಾಕಿಡಿ. ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆ, ಹಾರ್ಟ್ ತೊಂದರೆ, ಮೂತ್ರ ಕಟ್ಟೋದು ಏನಾದ್ರೂ ಇದ್ರೆ ಮಾತ್ರೆ ಶುರು ಮಾಡೋ ಮುಂಚೆ ಡಾಕ್ಟರಿಗೆ ಹೇಳ್ಲೇಬೇಕು. ಮೇಲೆ ಹಚ್ಚೋದೇ ಬೇಕು ಅಂದ್ರೆ 5% ಲಿಗ್ನೋಕೇನ್ ಪ್ಯಾಚು ಈ ನೋವಿಗಂತಲೇ ಇದೆ, ಗಾಯ ಪೂರ್ತಿ ಮಾಗಿದ ಚರ್ಮಕ್ಕೆ ದಿನಕ್ಕೆ 12 ಗಂಟೆ ಮಾತ್ರ. ಅದನ್ನ ಕೇಳಿ.

ನಾಳೆ ಸಂಜೆ ಡೊಂಬಿವಲಿಗೆ ಬರ್ತೀನಿ. ಅವರ ಹಳೇ ಔಷಧಿ ಚೀಟಿ ಎಲ್ಲಾ ತೆಗೆದಿಡಿ, ಬಿಪಿ ಮಾತ್ರೆ ಡಬ್ಬೀನೂ. ಟ್ರೇನ್ ಬಂತು, ಇಡ್ತೀನಿ.