ಪದಚರ್ಚೆ: ಈಜುಕೊಳದ ‘ಉಪ್ಪು ನೀರು’ ಯಾವ ಉಪ್ಪು?

ಎಲ್ಲರಿಗೂ ನಮಸ್ಕಾರ,

ಸರ್ಜಾಪುರದ ಕಡೆ ನಮ್ಮಣ್ಣನ ಮನೆಯಲ್ಲಿ ಒಂದು ಈಜುಕೊಳ ಇದೆ. ನೀರಿಗೆ ಹಾಕಿದ ಉಪ್ಪಿನಿಂದಲೇ ಕ್ಲೋರಿನ್ ಮಾಡುವ ಮೆಷಿನ್ ಕೂರಿಸಿದ್ದಾರೆ. ಅದನ್ನು ನೋಡಿಕೊಳ್ಳುವ ಹುಡುಗನಿಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಟೈಟಾನಿಯಂ, ಕ್ಲೋರೈಡ್ ಎಲ್ಲ ಸಲೀಸಾಗಿ ಬಂತು. ತೊಡಕಾಗಿರುವುದು ‘ಉಪ್ಪು’!

ಬೆಂಗಳೂರಿನ ಸುತ್ತಮುತ್ತ ಬೋರ್‌ವೆಲ್ ನೀರನ್ನು ‘ಉಪ್ಪು ನೀರು’, ಕಾವೇರಿ ನೀರನ್ನು ‘ಸಿಹಿ ನೀರು’ ಅನ್ನುವುದು ರೂಢಿ. ಇಲ್ಲಿ ಉಪ್ಪು ಅಂದರೆ ಗಡಸು: ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ. ಅದಕ್ಕೆ ಕಾರಣ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅಡುಗೆ ಉಪ್ಪು ಅಲ್ಲ. ‘ಇದು ಉಪ್ಪು ನೀರಿನ ಕೊಳ’ ಎಂದು ನಾನು ಬರೆದದ್ದನ್ನು ಓದಿ ಹುಡುಗ, “ನೀರು ಮೊದಲೇ ಉಪ್ಪು ಸಾರ್, ಮೇಲೆ ಮೂಟೆಗಟ್ಟಲೆ ಯಾಕೆ ಸುರೀಬೇಕು?” ಅಂದ. ಅವನ ಮಾತಿನ ಪ್ರಕಾರ ಅದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಟಿಡಿಎಸ್ ಮೀಟರ್ ಅದ್ದಿ ತೋರಿಸಿದರೂ ಅವನ ಅನುಮಾನ ಗಟ್ಟಿಯಾಗುತ್ತದೆಯೇ ಹೊರತು ಕಮ್ಮಿಯಾಗಲ್ಲ. ಆ ಮೀಟರ್ ಕರಗಿದ್ದನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುತ್ತದೆ, ಅಲ್ವಾ? ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡನ್ನು ಮಾತ್ರ ಅಳೆಯುವ ಪಟ್ಟಿಯನ್ನೇ ಬಳಸಬೇಕು.

ಮೆಷಿನ್‌ಗೆ ಬೇಕಾದದ್ದು ಸಾಮಾನ್ಯವಾಗಿ 3,000ದಿಂದ 4,000 ಪಿಪಿಎಂ (ಅಂದಾಜು ಲೀಟರಿಗೆ ಅಷ್ಟು ಮಿಲಿಗ್ರಾಂ) ಉಪ್ಪು. ಸಮುದ್ರದಲ್ಲಿ ಇರುವುದು ಸುಮಾರು 35,000. ಅಂದರೆ ಕೊಳದ ನೀರು ಬಾಯಿಗೆ ಅಷ್ಟೇನೂ ಉಪ್ಪಲ್ಲ. 50,000 ಲೀಟರ್ ಕೊಳವನ್ನು ಸೊನ್ನೆಯಿಂದ 3,200ಕ್ಕೆ ತರಲು 160 ಕಿಲೋ ಬೇಕು. ಉಪ್ಪು ಕಮ್ಮಿಯಾದರೆ ಮೆಷಿನ್ ತಿಣುಕುತ್ತದೆ, ಅದರೊಳಗೆ ಕ್ಲೋರಿನ್ ಮಾಡುವ ಭಾಗವಾದ ಸೆಲ್‌ನ ಆಯಸ್ಸೂ ಕಮ್ಮಿಯಾಗುತ್ತದೆ.

ಇನ್ನೊಂದು ಪೇಚು ಇದಕ್ಕೂ ಜಾಸ್ತಿ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂತರೆ ನಾವು ‘ಉಪ್ಪು ಕಟ್ಟಿದೆ’ ಅನ್ನುತ್ತೇವೆ. ಅದೇ ಪದರ ಈ ಮೆಷಿನ್‌ನ ಸೆಲ್ ಒಳಗಿನ ತಗಡುಗಳ ಮೇಲೂ ಕೂರುತ್ತದೆ. ಟೈಟಾನಿಯಂ ತಗಡಿಗೆ ರುಥೇನಿಯಂ ಥರದ ಬೆಲೆಬಾಳುವ ಲೋಹದ ಲೇಪ ಇರುತ್ತದೆ. ಅದರ ಮೇಲೆ ಕೂರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ‘ಸೆಲ್‌ಗೆ ಉಪ್ಪು ಕಟ್ಟಿದರೆ ತೊಳೆಯಿರಿ’ ಎಂದು ಬರೆದರೆ ಓದಿದವನು ಏನು ಮಾಡುತ್ತಾನೆ? ಉಪ್ಪು ಜಾಸ್ತಿಯಾಗಿದೆ ಅಂದುಕೊಂಡು ಹಾಕುವುದನ್ನೇ ನಿಲ್ಲಿಸುತ್ತಾನೆ. ಅಲ್ಲಿಗೆ ಕ್ಲೋರಿನ್ ಇನ್ನೂ ಕಮ್ಮಿ, ನೀರು ಹಸಿರು. ಹಾಗಾಗಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: “ತಗಡಿನ ಮೇಲೆ ಬಿಳೀ ಸುಣ್ಣ ಕಟ್ಟಿದ್ದರೆ ಮಾತ್ರ ತೊಳೆ. ತೊಳೆಯುವ ಆ್ಯಸಿಡ್ ತೆಳು ಮಾಡುವಾಗ ನೀರಿಗೆ ಆ್ಯಸಿಡ್ ಹಾಕು, ಆ್ಯಸಿಡ್‌ಗೆ ನೀರು ಹಾಕಬೇಡ.” ಸುಮ್ನೆ ಮೇಲಿಂದ ಮೇಲೆ ತೊಳೆದರೆ ಲೇಪವೇ ಸವೆದುಹೋಗುತ್ತದೆ. ಸುಣ್ಣ ಕಟ್ಟದಂತೆ ನೋಡಿಕೊಳ್ಳುವುದೇ ಮೇಲು, ಅದಕ್ಕೆ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎನ್ನುವ ಅಳತೆ) 7.2ರಿಂದ 7.6ರ ಒಳಗಿರಬೇಕು. ಈ ಮೆಷಿನ್ ಓಡುವ ಕೊಳದಲ್ಲಿ ಪಿಎಚ್ ತಾನಾಗಿ ಏರುತ್ತಾ ಹೋಗುತ್ತದೆ, ಏರಿದಷ್ಟೂ ಕ್ಲೋರಿನ್ ಮಂಕಾಗುತ್ತದೆ.

‘ಉಪ್ಪು ಮುಗೀತು’ ಅನ್ನುವುದನ್ನೂ ಬಿಟ್ಟೆ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಮತ್ತೆ ಕ್ಲೋರೈಡ್ ಆಗುವುದರಿಂದ ಉಪ್ಪು ಖರ್ಚಾಗುವುದೇ ಇಲ್ಲ. ಫಿಲ್ಟರ್ ತೊಳೆದು ಹೊರಬಿಟ್ಟ ನೀರು, ಮಳೆಗೆ ತುಂಬಿ ಹರಿದ ನೀರು, ಮಕ್ಕಳು ಎರಚಿದ ನೀರು ಇವುಗಳ ಜೊತೆ ಹೋಗುತ್ತದೆ ಅಷ್ಟೆ. ಬಿಸಿಲಿಗೆ ಆವಿಯಾದರೆ ಉಪ್ಪು ಅಲ್ಲೇ ಉಳಿಯುತ್ತದೆ, ನೀರು ಮಾತ್ರ ತುಂಬಿಸಿದರೆ ಸಾಕು. ‘ಉಪ್ಪು ತೆಳುವಾಯ್ತು’ ಎಂದರೆ ಸರಿಹೋಗಬಹುದೇ? ಸಾರು ತೆಳುವಾಯ್ತು ಅನ್ನುತ್ತೇವೆ, ಉಪ್ಪಿಗೆ ಹಾಗೆ ಹೇಳಿದ್ದು ನಾನು ಕೇಳಿಲ್ಲ.

ಇನ್ನು ಕ್ಲೋರಿನ್ ಎಷ್ಟು ಬರಬೇಕು ಎಂದು ಮೆಷಿನ್ ಮೇಲೆ ಇಡುವ ಪರ್ಸೆಂಟ್. ಹುಡುಗ ಅದನ್ನು ‘ಜೋರು’, ‘ಸಣ್ಣ’ ಅನ್ನುತ್ತಾನೆ, ಸ್ಟೌ ಉರಿಗೆ ಹೇಳುವ ಹಾಗೆ. ಆದರೆ ಸಾಮಾನ್ಯವಾಗಿ 50 ಪರ್ಸೆಂಟ್ ಅಂದರೆ ಅರ್ಧ ಜೋರಲ್ಲ, ಅರ್ಧ ಹೊತ್ತು. ಪಂಪ್ 8 ಗಂಟೆ ಓಡಿದರೆ ಸೆಲ್ ಒಟ್ಟು 4 ಗಂಟೆ ಕೆಲಸ ಮಾಡುತ್ತದೆ. ಪಂಪ್ ನಿಂತಿದ್ದಾಗ 100ಕ್ಕೆ ಇಟ್ಟರೂ ಏನೂ ಬರುವುದಿಲ್ಲ. ಈ ಪರ್ಸೆಂಟಿಗೆ ‘ಕೆಲಸದ ಹೊತ್ತು’ ಎಂದು ಬರೆದಿದ್ದೇನೆ. ಸ್ವಲ್ಪ ಪಂಚಾಯ್ತಿ ಆಫೀಸಿನ ವಾಸನೆ ಹೊಡೆಯುತ್ತಿದೆ.

ನನ್ನ ಪ್ರಶ್ನೆ ಇಷ್ಟು. ಗಡಸು ನೀರಿಗೆ ಉತ್ತರ ಕರ್ನಾಟಕದ ‘ಸವಳು ನೀರು’ ಬಳಸಿದರೆ ಬೆಂಗಳೂರಿನ ಕಡೆಯವರಿಗೆ ತಿಳಿದೀತೇ? ‘ಗಡಸು’ ಶಾಲೆ ಪುಸ್ತಕದ ಪದವಾಗಿಯೇ ಉಳಿದಿದೆ. ಕುಮಟಾ, ಕುಂದಾಪುರದ ಕಡೆ ಬಾವಿಗೆ ಹೊಳೆಯ ಉಪ್ಪು ನುಗ್ಗಿದಾಗ ‘ಉಪ್ಪು ನೀರು’ ಅನ್ನುವುದು ನಿಜವಾದ ಉಪ್ಪಿಗೇ. ಅಲ್ಲಿ ಗಡಸು ನೀರಿಗೆ ಬೇರೆ ಪದ ಇದೆಯೇ? ಕೋಲಾರದವರು ಫ್ಲೋರೈಡ್ ಇರುವ ನೀರನ್ನೂ ಉಪ್ಪು ನೀರು ಅಂತಲೇ ಕರೆಯುತ್ತಾರೆಯೇ? ಜನ ನಿಜಕ್ಕೂ ಆಡುವ ಪದ ಬೇಕು, ಹೊಸದಾಗಿ ಕಟ್ಟಿದ್ದು ಬೇಡ. ಮುಂದಿನ ವಾರ ಈ ಪುಟವನ್ನು ಲ್ಯಾಮಿನೇಟ್ ಮಾಡಿಸಿ ಪಂಪ್ ರೂಮಿನಲ್ಲಿ ಅಂಟಿಸಬೇಕು.