ಫ್ಲೋರೈಡ್ ಮೊದಲು ಹೊಡೆಯುವುದು ಡಿಎನ್‌ಎಗೋ, ಕೋಶದ ಇಂಧನಕ್ಕೋ?

ಪಾವಗಡ ಬಯೋಟೆಕ್:
ಎಂ.ಎಸ್ಸಿ. ಪ್ರಾಜೆಕ್ಟಿನ ಯೋಜನೆ ಇದು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಎಲ್ಲರಿಗೂ ಗೊತ್ತು. ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಗರ್ಭಕಂಠ ಕ್ಯಾನ್ಸರ್ ಕೋಶ) 5 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್ ಕೊಟ್ಟು, 24 ಗಂಟೆಯ ನಂತರ ಎಂಟಿಟಿ (ಬದುಕಿದ ಕೋಶವನ್ನು ಬಣ್ಣದಿಂದ ಅಂದಾಜಿಸುವುದು) ಮತ್ತು ಕಾಮೆಟ್ (ಮುರಿದ ಡಿಎನ್‌ಎ ಬಾಲದಂತೆ ಕಾಣುವುದು) ಪರೀಕ್ಷೆ ಮಾಡುವುದು. ಎಂಟಿಟಿ ಇಳಿದು ಕಾಮೆಟ್‌ನಲ್ಲಿ ಬಾಲ ಕಂಡರೆ "ಫ್ಲೋರೈಡ್ ಡಿಎನ್‌ಎ ಮುರಿಯುತ್ತದೆ, ಪಿ53 ಎಂಬ ಕಾವಲು ಪ್ರೋಟೀನ್ ಎಚ್ಚೆತ್ತು ಕೋಶ ಸಾಯುತ್ತದೆ" ಎಂದು ಬರೆಯಬಹುದೇ? ವೈವಾದಲ್ಲಿ ನಿಲ್ಲುತ್ತದೆಯೇ?

ಕೋಲಾರ ಕಿಣ್ವ:
ನಿಲ್ಲುವುದಿಲ್ಲ. ಫ್ಲೋರೈಡ್ ಗ್ಲೈಕಾಲಿಸಿಸ್‌ನ (ಗ್ಲೂಕೋಸ್ ಒಡೆದು ಇಂಧನ ಪಡೆಯುವ ದಾರಿ) ಇನೊಲೇಸ್ ಕಿಣ್ವವನ್ನೇ ತಡೆಯುತ್ತದೆ. ಶುಗರ್ ಟೆಸ್ಟಿನ ಬೂದು ಮುಚ್ಚಳದ ಟ್ಯೂಬಿನಲ್ಲಿ ಅದನ್ನು ಹಾಕಿರುವುದು ಇದಕ್ಕಾಗಿಯೇ. ಎಂಟಿಟಿಗೆ ನೇರಳೆ ಬಣ್ಣ ಬರುವುದು ಕೋಶದ ಎಲೆಕ್ಟ್ರಾನ್ ವಾಹಕಗಳಾದ ಎನ್‌ಎಡಿಎಚ್, ಎನ್‌ಎಡಿಪಿಎಚ್ ಎಲೆಕ್ಟ್ರಾನ್ ಕೊಟ್ಟಾಗ. ಇಂಧನ ಕಡಿತವಾದರೆ ಬದುಕಿರುವ ಕೋಶವೂ ಬಣ್ಣ ಕೊಡುವುದಿಲ್ಲ. ಸಾವನ್ನು ಅಳೆಯಬೇಕಾದರೆ ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿ. ಇನ್ನೂ ಒಳ್ಳೆಯದೆಂದರೆ ಕಾಲೊನಿ ಪರೀಕ್ಷೆ: ಕೆಲವು ನೂರು ಕೋಶ ಬಿತ್ತಿ 10ರಿಂದ 14 ದಿನ ಬೆಳೆಸಿ, ಕ್ರಿಸ್ಟಲ್ ವಯೊಲೆಟ್ ಹಾಕಿ, 50 ಕೋಶ ದಾಟಿದ ಗುಂಪುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಪಿ53 ಮಾತಂತೂ ಬಿಟ್ಟೇಬಿಡಿ. ಹೀಲಾದಲ್ಲಿರುವ ಎಚ್‌ಪಿವಿ-18 ವೈರಸ್‌ನ ಇ6 ಪ್ರೋಟೀನ್ ಪಿ53ಯನ್ನು ಹುಟ್ಟಿದ ಹಾಗೇ ನಾಶಮಾಡುತ್ತದೆ. ಪಿ53 ಇರುವ, ಇಲ್ಲದ ಎರಡೂ ಬಗೆಯ ಎಚ್‌ಸಿಟಿ116 (ಕರುಳಿನ ಕ್ಯಾನ್ಸರ್ ಕೋಶ) ಸಿಗುತ್ತವೆ. ಪಕ್ಕಪಕ್ಕ ಇಟ್ಟು ನೋಡಿ.

ಶಿಡ್ಲಘಟ್ಟ ಸೆಲ್ ಲ್ಯಾಬ್:
ಕೋಶ ಬದಲಿಸುವುದು ಸರಿ. ಆದರೆ ಸರ್, ಡಿಎನ್‌ಎ ಹಾನಿಯನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ಎಳೆ ಮುರಿದ ಕೂಡಲೇ ದುರಸ್ತಿ ಕಿಣ್ವ ಪಾರ್ಪ್-1 ಅಲ್ಲಿಗೆ ಬಂದು, ಎನ್‌ಎಡಿ (ಎನ್‌ಎಡಿಎಚ್‌ನ ಖಾಲಿ ರೂಪ) ಒಡೆದು, ಅದರ ತುಂಡುಗಳಿಂದ ಪಾರ್ ಸರಪಳಿ ಕಟ್ಟುತ್ತದೆ. ಹಾನಿ ಹೆಚ್ಚಾದರೆ ಎನ್‌ಎಡಿ ಖಾಲಿಯಾಗಿ ಗ್ಲೈಕಾಲಿಸಿಸ್ ಎನ್‌ಎಡಿ ಬೇಕಾದ ಜಿಎಪಿಡಿಎಚ್ ಕಿಣ್ವದ ಹಂತದಲ್ಲಿ ನಿಂತುಬಿಡುತ್ತದೆ. ಗ್ಲೂಕೋಸನ್ನೇ ನೆಚ್ಚಿಕೊಂಡ ಕ್ಯಾನ್ಸರ್ ಕೋಶಗಳಿಗೆ ಇದು ದೊಡ್ಡ ಪೆಟ್ಟು. ಆಲ್ಕೈಲೇಟಿಂಗ್ ಔಷಧಿಗಳು ಅವುಗಳನ್ನು ಕೊಲ್ಲುವ ಒಂದು ದಾರಿಯೂ ಇದೇ. ಹಾನಿ ಮೊದಲಾಗಿ ಇಂಧನ ಆಮೇಲೆ ಬಿದ್ದರೂ ನಿಮ್ಮ ಎಂಟಿಟಿ ಹಾಗೆಯೇ ಇಳಿಯುತ್ತದೆ.

ಕೋಲಾರ ಕಿಣ್ವ:
ಒಪ್ಪಿದೆ. ಹಾಗಾದರೆ ಪೈರುವೇಟ್ ಕೊಟ್ಟು ನೋಡಲಿ. ಅದು ಇನೊಲೇಸ್ ದಾಟಿದ ಮೇಲಿನ ವಸ್ತು. ಕೋಶ ಚೇತರಿಸಿಕೊಂಡರೆ ತಡೆ ಇನೊಲೇಸ್‌ನಲ್ಲಿತ್ತು ಎಂದಾಯಿತು.

ಶಿಡ್ಲಘಟ್ಟ ಸೆಲ್ ಲ್ಯಾಬ್:
ಹಾಗೆ ಹೇಳಲಾಗದು. ಪೈರುವೇಟ್ ಜಿಎಪಿಡಿಎಚ್ ಹಂತವನ್ನೂ ದಾಟಿದ್ದೇ ಅಲ್ಲವೇ? ಪಾರ್ಪ್‌ನಿಂದ ಬಳಲಿದ ಕೋಶವನ್ನೂ ಅದು ಎತ್ತಿ ನಿಲ್ಲಿಸುತ್ತದೆ. ಎರಡನ್ನೂ ಬೇರ್ಪಡಿಸುವುದು ಎನ್‌ಎಡಿಯ ಒಟ್ಟು ಮೊತ್ತ. ಪಾರ್ಪ್ ಎನ್‌ಎಡಿಯನ್ನು ಒಡೆದು ಮುಗಿಸುತ್ತದೆ, ಮೊತ್ತವೇ ಕುಸಿಯುತ್ತದೆ. ಇನೊಲೇಸ್ ತಡೆ ನೇರವಾಗಿ ಎನ್‌ಎಡಿ ಒಡೆಯುವುದಿಲ್ಲ. ಆದ್ದರಿಂದ ಪಾರ್ಪ್ ತಡೆಯುವ ಒಲಾಪರಿಬ್ 1ರಿಂದ 10 ಮೈಕ್ರೋಮೋಲಾರ್ ಒಂದು ಗಂಟೆ ಮುಂಚೆ ಕೊಟ್ಟು, ಆಮೇಲೆ ಫ್ಲೋರೈಡ್ ಹಾಕಿ. ಎನ್‌ಎಡಿ ಉಳಿದು ಕೋಶವೂ ಉಳಿದರೆ ನನ್ನ ಮಾತು. ಒಲಾಪರಿಬ್‌ನಿಂದ ಏನೂ ಬದಲಾಗದಿದ್ದರೆ ನಿಮ್ಮದು.

24 ಗಂಟೆ ಕಾಯುವುದೂ ತಪ್ಪು. ಪಾರ್ ಸರಪಳಿ ನಿಮಿಷಗಳಲ್ಲಿ ಏರಿ, ಪಾರ್ಗ್ ಕಿಣ್ವ ಬೇಗನೆ ಕತ್ತರಿಸಿ ಇಳಿಸಿಬಿಡುತ್ತದೆ. 5, 15, 60 ನಿಮಿಷಕ್ಕೆ ಮಾದರಿ ತೆಗೆದು, ಕಿಣ್ವಗಳನ್ನು ಕೂಡಲೇ ನಿಲ್ಲಿಸುವ ಬಿಸಿ ಎಸ್‌ಡಿಎಸ್ ಬಫರ್ ನೇರವಾಗಿ ಪ್ಲೇಟಿಗೇ ಸುರಿಯಿರಿ. ಇಲ್ಲದಿದ್ದರೆ ಕೋಶ ಒಡೆಯುವ ಹೊತ್ತಿನಲ್ಲೇ ಪಾರ್ ಕರಗಿ ಹೋಗುತ್ತದೆ.

ಕೋಲಾರ ಕಿಣ್ವ:
ಇದು ನನ್ನ ಸಲಹೆಗಿಂತ ಒಳ್ಳೆಯ ಪರೀಕ್ಷೆ. ಮೀಡಿಯಂ ಡಬ್ಬಿಯ ಮೇಲಿರುವುದನ್ನೂ ಓದಿಸಿ: ಕೋಶ ಬೆಳೆಸುವ ದ್ರವವಾದ ಡಿಎಂಇಎಂನ ಹಲವು ಬಗೆಗಳಲ್ಲಿ 1 ಮಿಲಿಮೋಲಾರ್ ಪೈರುವೇಟ್ ಮೊದಲೇ ಇರುತ್ತದೆ. ಪಾಸಿಟಿವ್ ಕಂಟ್ರೋಲ್‌ಗೆ ಹಾಕಿದ ಹೈಡ್ರೋಜನ್ ಪೆರಾಕ್ಸೈಡನ್ನೂ ಅದು ತಿಂದುಹಾಕುತ್ತದೆ. ಗ್ಲೂಕೋಸ್ 25 ಮಿಲಿಮೋಲಾರ್ ಇದ್ದರೆ 5.5ಕ್ಕೆ ಇಳಿಸಿ, ರಕ್ತದಲ್ಲಿರುವುದು ಸುಮಾರು ಅಷ್ಟೇ.

ತಿಪಟೂರು ಟೀಚರ್:
5 ಮಿಲಿಮೋಲಾರ್ ಎಂದರೆ ಲೀಟರಿಗೆ 95 ಮಿಲಿಗ್ರಾಂ ಫ್ಲೋರೈಡ್. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಆ 1.5 ಎಂದರೆ 0.08 ಮಿಲಿಮೋಲಾರ್. ರಕ್ತದಲ್ಲಿ ಕಾಣುವುದು ಮೈಕ್ರೋಮೋಲಾರ್ ಮಟ್ಟ. ಪ್ರಬಂಧದಲ್ಲಿ "ನಮ್ಮ ನೀರು ಡಿಎನ್‌ಎ ಮುರಿಯುತ್ತದೆ" ಎಂದು ಬರೆದರೆ ಪತ್ರಿಕೆಯವರು ಅದನ್ನು "ನೀರಿನಿಂದ ಕ್ಯಾನ್ಸರ್" ಎಂದು ಹಾಕುತ್ತಾರೆ. ಹಲ್ಲು, ಮೂಳೆಯ ಫ್ಲೋರೋಸಿಸ್ ಸಾಬೀತಾದದ್ದು, ಅದಕ್ಕೇ ಜನ ಸಾಕಷ್ಟು ನರಳುತ್ತಿದ್ದಾರೆ. ಕುಡಿಯುವ ನೀರಿನ ಫ್ಲೋರೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಇಟ್ಟಿರುವುದು ಗುಂಪು 3ರಲ್ಲಿ, ಅಂದರೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಗದವುಗಳ ಜೊತೆ. 0.05, 0.1, 0.5, 1, 5 ಮಿಲಿಮೋಲಾರ್ ಹೀಗೆ ಮೆಟ್ಟಿಲು ಕಟ್ಟಿ, ಅಷ್ಟೇ ಸೋಡಿಯಂ ಕ್ಲೋರೈಡಿನ ಕಂಟ್ರೋಲ್ ಇಡಿ.

ಮತ್ತೊಂದು ವಿಷಯ. ಡಿಎಂಇಎಂನಲ್ಲಿ 1.8 ಮಿಲಿಮೋಲಾರ್ ಕ್ಯಾಲ್ಸಿಯಂ ಇದೆ. ಹೆಚ್ಚು ಫ್ಲೋರೈಡ್ ಹಾಕಿದರೆ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಕೂರಬಹುದು. ಹಾಕಿದ್ದನ್ನಲ್ಲ, ಉಳಿದದ್ದನ್ನು ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಅಳೆದು ಬರೆಯಿರಿ.

ಪಾವಗಡ ಬಯೋಟೆಕ್:
ಕಾಮೆಟ್ ಯಾವಾಗ ಮಾಡಲಿ ಮೇಡಂ?

ಶಿಡ್ಲಘಟ್ಟ ಸೆಲ್ ಲ್ಯಾಬ್:
1 ಮತ್ತು 4 ಗಂಟೆಗೆ, ಅದೂ ಟ್ರಿಪಾನ್ ಬ್ಲೂನಲ್ಲಿ ಶೇ. 80 ಕೋಶ ಬದುಕಿದ್ದರೆ ಮಾತ್ರ. ಸಾಯುವ ಕೋಶ ತನ್ನ ಡಿಎನ್‌ಎಯನ್ನು ತಾನೇ ತುಂಡರಿಸುತ್ತದೆ, ಆ ಬಾಲಕ್ಕೆ ಫ್ಲೋರೈಡನ್ನು ದೂರಲಾಗದು. 4 ಡಿಗ್ರಿಯಲ್ಲಿ ಒಂದು ಗಂಟೆ ಲೈಸಿಸ್, ಪಿಎಚ್ 13 ದಾಟಿದ ಬಫರಿನಲ್ಲಿ 20ರಿಂದ 40 ನಿಮಿಷ ಎಳೆ ಬಿಡಿಸುವುದು, ಸೆಂಟಿಮೀಟರಿಗೆ 0.7ರಿಂದ 1 ವೋಲ್ಟ್. ಮಂದ ಬೆಳಕಿನಲ್ಲೇ ಕೆಲಸ ಮಾಡಿ. ಜೊತೆಗೆ ಡಿಎನ್‌ಎ ಹಾನಿಯ ಗುರುತಾದ ಗಾಮಾ ಎಚ್2ಎಎಕ್ಸ್ ನೋಡಿ: ಚುಕ್ಕೆಚುಕ್ಕೆಯಾಗಿದ್ದರೆ ಎರಡೂ ಎಳೆ ಮುರಿದ ಸೂಚನೆ, ಇಡೀ ನ್ಯೂಕ್ಲಿಯಸ್ ಹೊಳೆದರೆ ಹೆಚ್ಚಾಗಿ ಸಾವಿನ ಗುರುತು.

ಕೋಲಾರ ಕಿಣ್ವ:
ಚುಕ್ಕೆ ಕಂಡರೆ ಪೆಂಟೋಸ್ ದಾರಿಯ ಮೊದಲ ಕಿಣ್ವ ಜಿ6ಪಿಡಿಯನ್ನೂ ಅಳೆಯಿರಿ. ಎರಡೆಳೆ ಮುರಿದಾಗ ಹಾನಿ ಗುರುತಿಸುವ ಎಟಿಎಂ ಪ್ರೋಟೀನ್ ಅದನ್ನು ಚುರುಕುಗೊಳಿಸಿ ಗ್ಲೂಕೋಸನ್ನು ಪೆಂಟೋಸ್ ದಾರಿಗೆ (ಗ್ಲೈಕಾಲಿಸಿಸ್‌ನ ಒಂದು ಕವಲು) ತಿರುಗಿಸುತ್ತದೆ. ದುರಸ್ತಿಗೆ ಬೇಕಾದ ನ್ಯೂಕ್ಲಿಯೋಟೈಡಿನ ರೈಬೋಸ್, ಎನ್‌ಎಡಿಪಿಎಚ್ ಬರುವುದು ಅಲ್ಲಿಂದ. ಇನೊಲೇಸ್ ಕೆಳಗೆ ಕಟ್ಟಿಹೋದರೂ ಈ ದಾರಿ ಮೇಲೆಯೇ ಕವಲೊಡೆಯುವುದರಿಂದ ತೆರೆದೇ ಇರುತ್ತದೆ. ಹಾಗಾಗಿ ಜಿ6ಪಿಡಿ ಏರಿತೆಂದ ಮಾತ್ರಕ್ಕೆ ಶಿಡ್ಲಘಟ್ಟದ ಮೇಡಂ ವಾದ ಗೆದ್ದಿತು ಎನ್ನಲಾರೆ. ಎಟಿಎಂ ತಡೆಯುವ ಕೆಯು-55933 10 ಮೈಕ್ರೋಮೋಲಾರ್ ಕೊಟ್ಟಾಗ ಆ ಏರಿಕೆ ಇಳಿಯಬೇಕು. ಇಳಿದರೆ ಒಪ್ಪುತ್ತೇನೆ.